ಯಂತ್ರವಿಲ್ಲದ ಸೋರ್ಬೆ: ಕೊಲ್ಲಿಯ ಮನೆಗಳಿಗೊಂದು ತಂಪು

ಜೂನ್ ಬಂತೆಂದರೆ ದುಬೈ, ಅಬುಧಾಬಿಯ ನಮ್ಮವರ ಮನೆಗಳಿಗೆ ಮಾವು ಪೆಟ್ಟಿಗೆಗಟ್ಟಲೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ವಿಮಾನವೇರಿ ಬರುವ ಆಪೂಸು, ಅಂದರೆ ನಮ್ಮ ಬಾದಾಮಿ, ದುಬಾರಿ ಹಣ್ಣು. ಅದನ್ನು ಎಣಿಸಿ ಕೊಳ್ಳುತ್ತೇವೆ, ಎಣಿಸಿಯೇ ತಿನ್ನುತ್ತೇವೆ. ಅದರ ಕಾಲ ಮುಗಿಯುತ್ತಿದ್ದಂತೆ ಪಾಕಿಸ್ತಾನದ ಸಿಂಧ್ ಕಡೆಯಿಂದ ಸಿಂಧ್ರಿ ಬರುತ್ತದೆ. ಅದರ ಬೆನ್ನಿಗೇ ಪಂಜಾಬಿನ ಚೌಸಾ. ಇವನ್ನು ಯಾರೂ ಬಿಡಿಯಾಗಿ ಕೊಳ್ಳುವುದಿಲ್ಲ. ದೇರಾದ ವಾಟರ್‌ಫ್ರಂಟ್ ಮಾರ್ಕೆಟ್ಟಿಗೋ ಅಲ್ ಅವೀರಿನ ಹಣ್ಣಿನ ಮಂಡಿಗೋ ಅಬುಧಾಬಿಯ ಮೀನಾ ಜಾಯೆದ್ ಮಾರುಕಟ್ಟೆಗೋ ಹೋದವರು ಪೆಟ್ಟಿಗೆಯನ್ನೇ ಕಾರಿನ ಡಿಕ್ಕಿಗೆ ಹಾಕಿಕೊಂಡು ಬರುತ್ತಾರೆ. ಒಂದೇ ದಿನ ಕೊಯ್ದು ತುಂಬಿದ ಹಣ್ಣು ಒಟ್ಟಿಗೇ ಹಣ್ಣಾಗುತ್ತದೆ. ಎರಡು ದಿನ ಗಟ್ಟಿ, ಮೂರನೆಯ ದಿನ ಘಮ, ಐದನೆಯ ದಿನಕ್ಕೆ ತೊಟ್ಟಿನ ಸುತ್ತ ಕಪ್ಪು ಚುಕ್ಕೆ. ನಾಲ್ಕು ಜನರ ಮನೆಯಲ್ಲಿ ಸೀಕರಣೆ, ರಸಾಯನ, ಸಾಸಿವೆ, ಮೆಣಸ್ಕಾಯಿ ಎಲ್ಲ ಆದ ಮೇಲೂ ಹತ್ತು ಹನ್ನೆರಡು ಹಣ್ಣು ಉಳಿದೇ ಇರುತ್ತವೆ.

ಹಾಗೆ ಉಳಿದ ಹಣ್ಣಿಗೆ ಯೋಗ್ಯವಾದ ಒಂದು ದಾರಿಯ ಬಗ್ಗೆ ಇವತ್ತು ಮಾತಾಡುತ್ತೇನೆ. ಅದರ ಹೆಸರು ಸೋರ್ಬೆ. ಹಣ್ಣು, ಸಕ್ಕರೆ, ನೀರು, ಒಂದಿಷ್ಟು ನಿಂಬೆರಸ, ಚಿಟಿಕೆ ಉಪ್ಪು, ಅಷ್ಟನ್ನೇ ಹೆಪ್ಪುಗಟ್ಟಿಸಿದ್ದು. ಹಾಲಿಲ್ಲ, ಕೆನೆಯಿಲ್ಲ, ಮೊಟ್ಟೆಯಿಲ್ಲ. ಕರಾವಳಿಯವರಾದ ನಮಗೆ ತಂಪು ತಿಂಡಿ ಎಂದರೆ ಮೊದಲು ನೆನಪಾಗುವುದು ಉದ್ದನೆಯ ಗಾಜಿನ ಲೋಟದ ಗಡ್‌ಬಡ್. ಮಂಗಳೂರಿನ ಮಾರ್ಕೆಟ್ ರಸ್ತೆಯಲ್ಲಿ 1975ರಲ್ಲಿ ಎಸ್. ಪ್ರಭಾಕರ ಕಾಮತರು ಐಡಿಯಲ್ ಐಸ್‌ಕ್ರೀಮ್ ಶುರುಮಾಡಿದಂದಿನಿಂದ ಎರಡು ಮೂರು ತಲೆಮಾರಿನ ನಾಲಿಗೆ ಆ ರುಚಿಗೆ ಒಗ್ಗಿದೆ. ಗಡ್‌ಬಡ್ಡಿನಲ್ಲಿ ಹಣ್ಣು ಇದ್ದರೂ ಅದು ಐಸ್‌ಕ್ರೀಮಿನ ಜೊತೆಗಾರ ಮಾತ್ರ. ಸೋರ್ಬೆಯಲ್ಲಿ ಹಣ್ಣೇ ಯಜಮಾನ. ಹಾಲಿನ ಕೊಬ್ಬು ನಾಲಿಗೆಯ ಮೇಲೆ ತೆಳ್ಳಗೆ ಹರಡಿ ರುಚಿಯನ್ನು ಮಂದಗೊಳಿಸುತ್ತದೆ; ಆ ತಡೆ ಇಲ್ಲಿಲ್ಲ. ಆದ್ದರಿಂದ ಚೌಸಾ ಚೌಸಾ ಆಗಿಯೇ ಬಾಯಿಗೆ ಬರುತ್ತದೆ, ಸಿಂಧ್ರಿ ಸಿಂಧ್ರಿಯಾಗಿ. ಮಾವಿನ ಮಟ್ಟಿಗೆ ಐಸ್‌ಕ್ರೀಮಿಗಿಂತ ಸೋರ್ಬೆಯೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದನ್ನು ಹೇಳಿದ ಕೂಡಲೇ ಕೇಳಿಬರುವ ಮಾತು ಒಂದೇ: ‘ಅದಕ್ಕೆ ಯಂತ್ರ ಬೇಕಲ್ಲ?’ ಬೇಡ. ಇತಿಹಾಸವೇ ಅದಕ್ಕೆ ಸಾಕ್ಷಿ. ಇಟಲಿಯ ನೇಪಲ್ಸಿನಲ್ಲಿ ಸ್ಪೇನಿನ ಅಧಿಕಾರಿಯೊಬ್ಬನ ಮನೆಯ ಭೋಜನ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಆಂಟೋನಿಯೊ ಲಾಟಿನಿ ಎಂಬವನು 1692 ಮತ್ತು 1694ರಲ್ಲಿ ಎರಡು ಸಂಪುಟಗಳ ಅಡುಗೆ ಪುಸ್ತಕ ಅಚ್ಚು ಹಾಕಿಸಿದ. ಹಣ್ಣಿನ ಸೋರ್ಬೆ ಮಾಡುವ ವಿಧಾನಗಳು ಅದರಲ್ಲಿವೆ. ಕೈಯಿಂದ ತಿರುಗಿಸುವ ಐಸ್‌ಕ್ರೀಮ್ ಯಂತ್ರಕ್ಕೆ ಅಮೆರಿಕದ ನ್ಯಾನ್ಸಿ ಜಾನ್ಸನ್ ಪೇಟೆಂಟ್ ಪಡೆದದ್ದು 1843ರಲ್ಲಿ. ಎಂದರೆ ಯಂತ್ರ ಹುಟ್ಟುವುದಕ್ಕೆ ಒಂದೂವರೆ ಶತಮಾನ ಮೊದಲೇ ಜನ ಸೋರ್ಬೆ ತಿನ್ನುತ್ತಿದ್ದರು. ಹಿಮಕ್ಕೆ ಉಪ್ಪು ಬೆರೆಸಿ, ಅದರ ನಡುವೆ ಪಾತ್ರೆಯಿಟ್ಟು, ಒಳಗಿನದನ್ನು ಕೈಯಿಂದ ಕೆರೆದು ಕಲಕುತ್ತಿದ್ದರು, ಅಷ್ಟೇ.

ಅವರಿಗೆ ಕಷ್ಟವಾಗಿದ್ದದ್ದು ತಂಪು ಸಿಗುವುದು. ನಾವಿರುವ ಈ ನೆಲದಲ್ಲಂತೂ ಅದು ಇನ್ನೂ ಕಷ್ಟ. ಕೊಲ್ಲಿಯ ಆಚೆ ದಡದಲ್ಲಿ ಇರಾನಿನ ಯಜ್ದ್, ಕೆರ್ಮಾನ್ ಕಡೆಯ ಮರುಭೂಮಿಯಲ್ಲಿ ಮಣ್ಣಿನ ಎತ್ತರದ ಗುಮ್ಮಟಗಳು ಈಗಲೂ ನಿಂತಿವೆ. ಅವುಗಳ ಹೆಸರು ಯಖ್‌ಚಾಲ್. ಚಳಿಗಾಲದ ರಾತ್ರಿ ಆಳವಿಲ್ಲದ ಹೊಂಡಗಳಲ್ಲಿ ನೀರು ನಿಲ್ಲಿಸಿ ಹೆಪ್ಪುಗಟ್ಟಿಸಿ, ಆ ಮಂಜುಗಡ್ಡೆಯನ್ನು ಗುಮ್ಮಟದಡಿಯ ಗುಂಡಿಯಲ್ಲಿ ಬೇಸಿಗೆಯವರೆಗೆ ಕಾಪಾಡುತ್ತಿದ್ದರು. ಶಿರಾಜಿನ ಫಾಲೂದೆ, ಅಂದರೆ ಗುಲಾಬಿ ನೀರು ನಿಂಬೆರಸ ಬೆರೆತ ಸಕ್ಕರೆ ಪಾಕದಲ್ಲಿ ಅರ್ಧ ಹೆಪ್ಪುಗಟ್ಟಿದ ಪಿಷ್ಟದ ಎಳೆಗಳು, ಅಂಥ ನೆಲದ ತಿಂಡಿ. ದುಬೈಯ ಇರಾನಿ ಅಂಗಡಿಗಳಲ್ಲಿ ಇವತ್ತಿಗೂ ಸಿಗುತ್ತದೆ, ತಿಂದು ನೋಡಿ. ನಮ್ಮ ಉಪಖಂಡದಲ್ಲಿ ಅಕ್ಬರನ ಕಾಲಕ್ಕೆ ಪೆಟ್ಲುಪ್ಪು ಬೆರೆಸಿದ ನೀರಿನಲ್ಲಿ ಕುಡಿಯುವ ನೀರಿನ ಪಾತ್ರೆ ತಿರುಗಿಸಿ ತಣ್ಣಗೆ ಮಾಡುತ್ತಿದ್ದುದನ್ನೂ ಲಾಹೋರಿಗೆ ಬೆಟ್ಟಗಳಿಂದ ಮಂಜುಗಡ್ಡೆ ತರಿಸುತ್ತಿದ್ದುದನ್ನೂ ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಬರೆದಿದ್ದಾನೆ.

ಎಮಿರೇಟಿನ ಜನಕ್ಕೆ ಆ ಮಂಜುಗಡ್ಡೆಯೂ ಇರಲಿಲ್ಲ. ಅಲ್ ಫಹೀದಿಯ ಹಳೆಯ ಮನೆಗಳ ಗಾಳಿಗೋಪುರಗಳನ್ನು ನೀವೆಲ್ಲ ನೋಡಿದ್ದೀರಿ. ಮೇಲಿನ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುವುದೇ ಅಂದಿನ ಹವಾನಿಯಂತ್ರಣ. ಅನುಕೂಲವಿದ್ದವರು ಬೇಸಿಗೆಗೆ ಲಿವಾ, ಅಲ್ ಐನ್‌ನಂಥ ಖರ್ಜೂರದ ತೋಪುಗಳಿಗೆ ಗುಳೆ ಹೋಗಿ, ಗರಿಯ ಗುಡಿಸಲುಗಳಲ್ಲಿ ಇದ್ದು, ಹಣ್ಣು ಕೊಯ್ಲು ಮುಗಿಸಿ ಹಿಂತಿರುಗುತ್ತಿದ್ದರು. ದುಬೈಯಲ್ಲಿ ವಿದ್ಯುತ್ ಕಂಪನಿ ಕೆಲಸ ಶುರುಮಾಡಿದ್ದು 1961ರಲ್ಲಿ. ಈಗಲೋ, ಬೆಡ್‌ಸ್ಪೇಸಿನ ಕೋಣೆಯಲ್ಲೂ ಸೊನ್ನೆಗಿಂತ 18 ಡಿಗ್ರಿ ಕೆಳಗಿರುವ ಒಂದು ಪೆಟ್ಟಿಗೆ ಗೋಡೆಗೆ ಒರಗಿ ನಿಂತಿದೆ. ಲಾಟಿನಿಯ ಯಜಮಾನನಿಗೂ ಅಕ್ಬರನಿಗೂ ಹಣ ಕೊಟ್ಟರೂ ಸಿಗದಿದ್ದ ಸಾಧನ ಅದು. ಬೇರೆ ಯಂತ್ರ ಏಕೆ ಬೇಕು?

ಯಂತ್ರ ಮಾಡುವ ಕೆಲಸ ಏನೆಂದು ತಿಳಿದುಕೊಂಡರೆ ಅದನ್ನು ಕೈಯಿಂದ ಮಾಡುವುದು ಹೇಗೆಂದು ತಾನಾಗಿ ತಿಳಿಯುತ್ತದೆ. ಹಣ್ಣಿನ ರಸವನ್ನು ಹಾಗೆಯೇ ಫ್ರೀಜರಿನಲ್ಲಿಟ್ಟರೆ ಅದರ ನೀರು ನಿಧಾನವಾಗಿ ಹೆಪ್ಪುಗಟ್ಟುತ್ತ, ಒಂದೊಂದು ಹರಳೂ ದೊಡ್ಡದಾಗಿ ಬೆಳೆಯುತ್ತದೆ. ಸುಮಾರು 0.05 ಮಿಲಿಮೀಟರಿಗಿಂತ ಸಣ್ಣ ಹರಳು ನಾಲಿಗೆಗೆ ತಿಳಿಯುವುದಿಲ್ಲ, ನುಣುಪೆನಿಸುತ್ತದೆ. ಅದಕ್ಕಿಂತ ದೊಡ್ಡದಾದರೆ ಮರಳು ಮರಳು, ಇನ್ನೂ ದೊಡ್ಡದಾದರೆ ಹಲ್ಲಿಗೆ ಬಡಿಯುವ ಗಡ್ಡೆ. ಯಂತ್ರ ಎರಡು ಕೆಲಸ ಮಾಡುತ್ತದೆ: ಬೇಗ ತಣಿಸುತ್ತದೆ, ತಣಿಯುವಾಗ ಕಲಕುತ್ತ ಹರಳುಗಳನ್ನು ಒಡೆಯುತ್ತದೆ. ಬೇಗ ತಣಿಸಲು ನಮಗೆ ಸ್ಟೀಲಿನ ಅಗಲ ತಟ್ಟೆ ಇದೆ, ಒಡೆಯಲು ಫೋರ್ಕು ಇದೆ. ಮೂರನೆಯದೊಂದು ಕೆಲಸವಿದೆ, ಎಲ್ಲಕ್ಕಿಂತ ದೊಡ್ಡದು. ಅದನ್ನು ಮಾಡುವುದು ಯಂತ್ರವಲ್ಲ, ಸಕ್ಕರೆ.

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಮನೆಯ ಸೋರ್ಬೆ ಕಲ್ಲಾಗುವುದು ಬಹುಮಟ್ಟಿಗೆ ಈ ಒಂದು ಕಾರಣಕ್ಕೇ. ಸಕ್ಕರೆ ಸಿಹಿಗೆ ಮಾತ್ರ ಎಂದು ನಾವು ತಿಳಿದಿದ್ದೇವೆ. ಹಣ್ಣು ಸಿಹಿಯಾಗಿದ್ದರೆ ಹಾಕುವುದನ್ನೇ ಬಿಡುತ್ತೇವೆ. ಹೆಪ್ಪುಗಟ್ಟುವ ತಿಂಡಿಯಲ್ಲಿ ಸಕ್ಕರೆಯ ಮುಖ್ಯ ಕೆಲಸ ಮೆತ್ತಗಿಡುವುದು. ಬರಿಯ ನೀರು 0 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ನೂರು ಗ್ರಾಂ ಮಿಶ್ರಣದಲ್ಲಿ 25 ಗ್ರಾಂ ಸಕ್ಕರೆಯಿದ್ದರೆ ಸೊನ್ನೆಗಿಂತ ಸುಮಾರು 2 ಡಿಗ್ರಿ ಕೆಳಗಿಳಿದ ಮೇಲೆಯೇ ಮೊದಲ ಹರಳು ಮೂಡುತ್ತದೆ. ಆ ಹರಳು ಬರಿ ನೀರಿನದು. ನೀರು ಹರಳಾಗಿ ಬಿಟ್ಟುಹೋದಂತೆ ಉಳಿದ ಪಾಕ ಇನ್ನಷ್ಟು ಗಟ್ಟಿಯಾಗುತ್ತದೆ. ಅದು ಹೆಪ್ಪುಗಟ್ಟಲು ಇನ್ನೂ ಹೆಚ್ಚು ತಣ್ಣಗಿರಬೇಕು. ಹೀಗೆ ಇಳಿಯುತ್ತ ಇಳಿಯುತ್ತ ಫ್ರೀಜರಿನ ಆ 18 ಡಿಗ್ರಿ ಕೆಳಗೂ ಒಂದಿಷ್ಟು ಪಾಕ ಹೆಪ್ಪುಗಟ್ಟದೆ ಹರಳುಗಳ ನಡುವೆ ಉಳಿಯುತ್ತದೆ, ನೆನೆದ ಅವಲಕ್ಕಿಯ ನಡುವೆ ಮಜ್ಜಿಗೆ ಉಳಿದಂತೆ. ಚಮಚ ಸಲೀಸಾಗಿ ಇಳಿಯುವುದು ಆ ಪಾಕ ಇರುವುದರಿಂದ.

ಆದ್ದರಿಂದ ಲೆಕ್ಕ ಇದು: ಹಣ್ಣಿನೊಳಗಿನ ಸಕ್ಕರೆ, ನೀವು ಹಾಕುವ ಸಕ್ಕರೆ ಎರಡೂ ಸೇರಿ ಒಟ್ಟು ಮಿಶ್ರಣದ ತೂಕದಲ್ಲಿ ಶೇಕಡಾ 25ರಿಂದ 30ರಷ್ಟಿರಬೇಕು. ಶೇಕಡಾ 20ಕ್ಕಿಂತ ಕಡಿಮೆಯಾದರೆ ಕಲ್ಲಾಗುತ್ತದೆ; ತೀರಾ ಹೆಚ್ಚಾದರೆ ಹೆಪ್ಪೇ ಕಟ್ಟದೆ ಕೆಸರಿನಂತಿರುತ್ತದೆ. ಮಾಗಿದ ಮಾವಿನಲ್ಲಿ ತೂಕದ ಶೇಕಡಾ 14ರ ಸುಮಾರು ಸಕ್ಕರೆ, ಕಲ್ಲಂಗಡಿಯಲ್ಲಿ ಅದರರ್ಧ. ಮಿಶ್ರಣವನ್ನು ತಣಿಸುವ ಮುಂಚೆ ರುಚಿ ನೋಡಿದರೆ ‘ಸ್ವಲ್ಪ ಸಿಹಿ ಹೆಚ್ಚಾಯಿತಲ್ಲ’ ಎನಿಸಬೇಕು. ತಂಪಿನಲ್ಲಿ ನಾಲಿಗೆಗೆ ಸಿಹಿ ಮಂದವಾಗುತ್ತದೆ, ಆಗ ಸರಿಹೋಗುತ್ತದೆ.

ತಕ್ಕಡಿಯಿಲ್ಲದವರಿಗೆ ಹಳೆಯದೊಂದು ಪರೀಕ್ಷೆ ಇದೆ. ನಿಂಬೆ, ಕಲ್ಲಂಗಡಿಯಂಥ ತೆಳು ರಸಕ್ಕೆ ಸಕ್ಕರೆ ಕರಗಿಸಿ, ಚೆನ್ನಾಗಿ ತೊಳೆದ ತಾಜಾ ಮೊಟ್ಟೆಯನ್ನು ಚಿಪ್ಪಿನ ಸಮೇತ ಮೆಲ್ಲಗೆ ಬಿಡಿ. ಸಕ್ಕರೆ ಸಾಲದಿದ್ದರೆ ಮುಳುಗುತ್ತದೆ. ಹದವಿದ್ದರೆ ತೇಲಿ, ಅದರ ತಲೆ ಒಂದು ದಿರ್ಹಮ್ ನಾಣ್ಯದಷ್ಟು ಅಗಲ ಮೇಲೆ ಕಾಣುತ್ತದೆ. ಮಾವಿನ ತಿರುಳಿನಂಥ ಮಂದ ಮಿಶ್ರಣಕ್ಕೆ ಇದು ನಡೆಯುವುದಿಲ್ಲ. ಮೊಟ್ಟೆ ತರದ ಮನೆಗಳಲ್ಲಿ ಒಂದು ಚಮಚ ಮಿಶ್ರಣವನ್ನು ಸ್ಟೀಲ್ ಬಟ್ಟಲಲ್ಲಿ ಮೊದಲು ಹೆಪ್ಪುಗಟ್ಟಿಸಿ ನೋಡಬಹುದು. ಗಟ್ಟಿಯಾದರೆ ಸಕ್ಕರೆ, ಕಟ್ಟದಿದ್ದರೆ ನೀರು ಅಥವಾ ಹಣ್ಣು ಸೇರಿಸಿದರಾಯಿತು.

ಇನ್ನೊಂದು ಉಪಾಯ ಗ್ಲೂಕೋಸ್ ಪುಡಿ. ಗ್ಲೂಕೋಸಿನ ಅಣು ಸಕ್ಕರೆಯ ಅಣುವಿನ ಸುಮಾರು ಅರ್ಧ ತೂಕದ್ದು. ಹಾಗಾಗಿ ಅಷ್ಟೇ ತೂಕದ ಗ್ಲೂಕೋಸ್ ಹೆಪ್ಪುಗಟ್ಟುವ ಬಿಂದುವನ್ನು ಹೆಚ್ಚುಕಡಿಮೆ ಎರಡರಷ್ಟು ಇಳಿಸುತ್ತದೆ, ಸಿಹಿಯಾದರೋ ಸಕ್ಕರೆಗಿಂತ ಕಡಿಮೆ. ಹಾಕಬೇಕಾದ ಸಕ್ಕರೆಯಲ್ಲಿ ಕಾಲು ಭಾಗ ತೆಗೆದು ಅದರ ಜಾಗಕ್ಕೆ ಗ್ಲೂಕೋಸ್ ಪುಡಿ ಹಾಕಿದರೆ ಸೋರ್ಬೆ ಇನ್ನೂ ಮೃದು, ಬಾಯಿಗೆ ಹಗುರ.

ಈಗ ಮಾವಿನ ಸೋರ್ಬೆ ಮಾಡೋಣ. ಸಿಪ್ಪೆ ಗೊರಟೆ ತೆಗೆದ ತಿರುಳು 500 ಗ್ರಾಂ, ಸಕ್ಕರೆ 125 ಗ್ರಾಂ, ನೀರು 100 ಮಿಲಿಲೀಟರ್, ಎರಡು ದೊಡ್ಡ ಚಮಚ ನಿಂಬೆರಸ, ಚಿಟಿಕೆ ಉಪ್ಪು. ನೀರಿಗೆ ಸಕ್ಕರೆ ಹಾಕಿ ಕರಗುವವರೆಗೆ ಬಿಸಿ ಮಾಡಿ, ಪೂರ್ತಿ ಆರಿಸಿ. ಮಾವನ್ನು ಮಾತ್ರ ಒಲೆಗೆ ಹತ್ತಿರ ತರಬೇಡಿ. ಬೆಂದ ಮಾವಿನ ವಾಸನೆ ಬೇರೆ, ಹಸಿ ಮಾವಿನ ಘಮ ಬೇರೆ. ಒಮ್ಮೆ ಹೋದದ್ದು ತಿರುಗಿ ಬರುವುದಿಲ್ಲ. ತಿರುಳು, ಪಾಕ, ನಿಂಬೆ, ಉಪ್ಪು ಎಲ್ಲ ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ತಿರುಗಿಸಿ. ನಾರಿನ ಹಣ್ಣಾದರೆ ಸೋಸಿ. ಮಿಶ್ರಣವನ್ನು ಮೊದಲು ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ಮೂರು ನಾಲ್ಕು ಗಂಟೆ ಇಡಿ. ಈ ಹೆಜ್ಜೆಯನ್ನು ಬಿಡಲೇಬೇಡಿ. ಬೆಚ್ಚಗಿನ ಮಿಶ್ರಣವನ್ನು ನೇರವಾಗಿ ಫ್ರೀಜರಿಗೆ ಹಾಕಿದರೆ ಹೆಪ್ಪುಗಟ್ಟಲು ಹೊತ್ತು ಹಿಡಿದು ಹರಳು ದೊಡ್ಡದಾಗುತ್ತದೆ.

ಅಗಲ ಸ್ಟೀಲ್ ತಟ್ಟೆಯನ್ನೂ ಖಾಲಿಯಾಗಿಯೇ ಫ್ರೀಜರಿನಲ್ಲಿಟ್ಟು ತಣ್ಣಗೆ ಮಾಡಿಕೊಳ್ಳಿ. ಊಟದ ತಟ್ಟೆಗಿಂತ ಅಂಚು ಎತ್ತರದ ಹರಿವಾಣವಿದ್ದರೆ ಒಳ್ಳೆಯದು, ಕೇಕಿನ ತಟ್ಟೆಯೂ ಆದೀತು. ಪ್ಲಾಸ್ಟಿಕ್ ಡಬ್ಬಿ ಬೇಡ, ಪ್ಲಾಸ್ಟಿಕ್ಕಿನ ಮೂಲಕ ತಂಪು ನಿಧಾನವಾಗಿ ಹಾಯುತ್ತದೆ. ಮಿಶ್ರಣ ಎರಡು ಸೆಂಟಿಮೀಟರಿಗಿಂತ ಎತ್ತರ ನಿಲ್ಲಬಾರದು. ಮುಕ್ಕಾಲು ಗಂಟೆಯ ಹೊತ್ತಿಗೆ ಅಂಚು ಬಿಳಿಚಿ ಗಟ್ಟಿಯಾಗಿರುತ್ತದೆ, ನಡುವೆ ಇನ್ನೂ ನೀರು. ಫೋರ್ಕಿನಿಂದ ಅಂಚನ್ನು ಕೆರೆದು ನಡುವಿಗೆ ಎಳೆದು, ಗಂಟುಗಳನ್ನು ತಟ್ಟೆಗೆ ಒತ್ತಿ ಮಸೆಯಿರಿ. ಆಮೇಲೆ ಅರ್ಧರ್ಧ ಗಂಟೆಗೆ ಇದನ್ನೇ ಮೂರು ನಾಲ್ಕು ಸಲ ಮಾಡಿ. ಕೊನೆಗೆ ಒದ್ದೆ ಮಂಜಿನಂತೆ ಒಂದೇ ಸಮ ಆದಾಗ, ಫ್ರೀಜರಿನಲ್ಲಿಟ್ಟು ತಣಿಸಿದ ಮಿಕ್ಸಿ ಜಾರಿಗೆ ಹಾಕಿ ಎರಡು ಮೂರು ಸಲ ತಡೆದು ತಡೆದು ತಿರುಗಿಸಿ. ಸತತವಾಗಿ ತಿರುಗಿಸಿದರೆ ಬ್ಲೇಡಿನ ಬಿಸಿಗೆ ಕರಗುತ್ತದೆ. ನೋಡುತ್ತಿದ್ದಂತೆ ಬಣ್ಣ ತಿಳಿಯಾಗಿ ಬೆಣ್ಣೆಯ ಹದಕ್ಕೆ ಬರುತ್ತದೆ. ಡಬ್ಬಿಗೆ ತುಂಬಿ ಇನ್ನೊಂದು ಗಂಟೆ ಫ್ರೀಜರಿನಲ್ಲಿಟ್ಟರೆ ಸೋರ್ಬೆ ಸಿದ್ಧ.

ಮಿಕ್ಸಿ ಇಲ್ಲದವರ ಮಾತೇನು? ದೇರಾ, ಸತ್ವಾ, ಮುಸಫ್ಫಾಗಳಲ್ಲಿ ಕೋಣೆ ಹಂಚಿಕೊಂಡಿರುವ ನಮ್ಮ ಹುಡುಗರು ಎಷ್ಟೋ ಜನ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ದುಡಿಸಬಾರದೆಂಬ ನಿಯಮ ಈ ದೇಶದಲ್ಲಿದೆ. ಆ ನಿಯಮವಿದ್ದರೂ ಉಳಿದ ಹೊತ್ತಿನ ಬಿಸಿಲು ಏನು ಸಾಮಾನ್ಯವೇ? ಸಂಜೆ ಕೋಣೆಗೆ ಬಂದವನಿಗೆ ಒಂದು ಬಟ್ಟಲು ತಂಪು ಎಲ್ಲರಿಗಿಂತ ಹೆಚ್ಚು ಬೇಕು. ಹಲವರು ಹಂಚಿಕೊಳ್ಳುವ ಫ್ರೀಜರಿನಲ್ಲಿ ತಟ್ಟೆ ಹರಡಲು ಜಾಗವಿರುವುದಿಲ್ಲ. ಅವರಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ ಸಾಕು. ಮಾವಿನ ಹಣ್ಣನ್ನು ಕೈಯಿಂದಲೇ ಚೆನ್ನಾಗಿ ಹಿಚುಕಿ, ಸಕ್ಕರೆ ನಿಂಬೆ ಸೇರಿಸಿ, ಚೀಲಕ್ಕೆ ಹಾಕಿ, ಗಾಳಿ ತೆಗೆದು ಮುಚ್ಚಿ, ಒಂದು ಪುಸ್ತಕದ ದಪ್ಪಕ್ಕೆ ಚಪ್ಪಟೆ ಮಾಡಿ ಇತರರ ಸಾಮಾನಿನ ಮೇಲೆ ಮಲಗಿಸಿ. ಅರ್ಧ ಗಂಟೆಗೊಮ್ಮೆ ತೆಗೆದು, ಟವೆಲಿನಲ್ಲಿ ಸುತ್ತಿ, ಹೊರಗಿನಿಂದಲೇ ಅದುಮಿ ಹಿಸುಕಿ ಮತ್ತೆ ಇಡಿ. ಚಮಚವೂ ತಟ್ಟೆಯೂ ಬೇಡ. ತೆಳ್ಳಗಿರುವುದರಿಂದ ತಟ್ಟೆಗಿಂತ ಬೇಗ ಹೆಪ್ಪುಗಟ್ಟುತ್ತದೆ, ಒಳ್ಳೆಯ ಸೋರ್ಬೆಯೇ ಆಗುತ್ತದೆ.

ಮಕ್ಕಳಿರುವ ಮನೆಯಲ್ಲಿ ರಜೆಯ ದಿನ ಲಾಟಿನಿಯ ಕಾಲದ ವಿಧಾನವನ್ನೇ ಮಾಡಿ ತೋರಿಸಿ. ಪೆಟ್ರೋಲ್ ಬಂಕಿನ ಅಂಗಡಿಯಲ್ಲೋ ಗ್ರೋಸರಿಯಲ್ಲೋ ಚೀಲದ ಐಸ್ ಸಿಗುತ್ತದೆ. ದೊಡ್ಡ ಪಾತ್ರೆಯಲ್ಲಿ ಮೂರು ಪಾಲು ಐಸ್ ಚೂರಿಗೆ ಒಂದು ಪಾಲು ಕಲ್ಲುಪ್ಪು ಬೆರೆಸಿ, ನಡುವೆ ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ತಣಿಸಿದ ಮಿಶ್ರಣ ಇಡಿ. ಉಪ್ಪು ಐಸನ್ನು ಕರಗಿಸುತ್ತದೆ, ಕರಗಲು ಬೇಕಾದ ಶಾಖವನ್ನು ಐಸು ಸುತ್ತಲಿನಿಂದ, ಡಬ್ಬಿಯಿಂದ ಎಳೆದುಕೊಳ್ಳುತ್ತದೆ. ಉಪ್ಪು ಐಸಿನ ಮಿಶ್ರಣ ಎಷ್ಟು ತಣ್ಣಗಾಗಬಲ್ಲದೆಂದರೆ ಸೊನ್ನೆಗಿಂತ 21 ಡಿಗ್ರಿ ಕೆಳಗೆ, ನಮ್ಮ ಫ್ರೀಜರಿಗಿಂತಲೂ ಕೆಳಗೆ. ಮಕ್ಕಳು ಸರದಿಯ ಮೇಲೆ ಡಬ್ಬಿ ತಿರುಗಿಸಲಿ, ಆಗಾಗ ಮುಚ್ಚಳ ತೆಗೆದು ಅಂಚು ಕೆರೆಯಲಿ. ಬರಿಗೈಯಲ್ಲಿ ಆ ಐಸನ್ನು ಮುಟ್ಟದಂತೆ ಮಾತ್ರ ನೋಡಿಕೊಳ್ಳಿ, ಚರ್ಮಕ್ಕೆ ಪೆಟ್ಟಾಗುತ್ತದೆ. ಉಪ್ಪುನೀರು ಒಳಗೆ ಹೋಗದಿರಲಿ.

ಮಾವಿನ ಮಾತೇ ಆಯಿತು. ಈ ಊರಲ್ಲಿ ಬೇರೆ ಹಣ್ಣಿಗೆ ಬರವೇ ಇಲ್ಲ. ಇರಾನಿನ ಕಲ್ಲಂಗಡಿ, ಒಮಾನಿನ ಪಪ್ಪಾಯಿ, ಈಜಿಪ್ಟಿನ ಸೀಬೆ, ಯೆಮನಿನ ದಾಳಿಂಬೆ, ಫಿಲಿಪ್ಪೀನ್ಸಿನ ಅನಾನಸು ಎಲ್ಲ ಒಂದೇ ಸಾಲಿನಲ್ಲಿ. ಇವುಗಳಲ್ಲಿ ತಿರುಳಿನ ಹಣ್ಣು, ರಸದ ಹಣ್ಣು ಎಂದು ಎರಡು ಗುಂಪು ಮಾಡಿಕೊಳ್ಳಿ. ಮಾವು, ಸೀಬೆ, ಪಪ್ಪಾಯಿ, ಬಾಳೆಯಂಥವುಗಳ ನಾರು ಮತ್ತು ಪೆಕ್ಟಿನ್ ಹರಳು ಬೆಳೆಯಲು ಬಿಡುವುದಿಲ್ಲ. ಅವುಗಳಲ್ಲಿ ಸೋರ್ಬೆ ಸುಲಭ. ಕಲ್ಲಂಗಡಿ, ಕಿತ್ತಳೆಗಳಲ್ಲಿ ನೀರೇ ಹೆಚ್ಚು. ಅವಕ್ಕೆ ಆಸರೆ ಬೇಕು. 500 ಮಿಲಿಲೀಟರ್ ಕಲ್ಲಂಗಡಿ ರಸಕ್ಕೆ 150 ಗ್ರಾಂ ಸಕ್ಕರೆ. ಆ ಸಕ್ಕರೆಯನ್ನು ಅರ್ಧ ಲೋಟಕ್ಕಿಂತ ಕಡಿಮೆ ನೀರಿನಲ್ಲಿ ಒಂದು ಟೀ ಚಮಚ ಕಾರ್ನ್‌ಫ್ಲೋರ್ ಜೊತೆ ಕುದಿಸಿ, ಆರಿಸಿ ರಸಕ್ಕೆ ಸೇರಿಸಿ, ನಿಂಬೆ ಹಿಂಡಿ. ಆ ಒಂದು ಚಮಚ ಹಿಟ್ಟು ನೀರನ್ನು ಹಿಡಿದಿಡುತ್ತದೆ, ರುಚಿಗೆ ತಿಳಿಯುವುದೇ ಇಲ್ಲ.

ಇಲ್ಲಿ ಶಮ್ಮಾಮ್ ಎಂದು ಮಾರುವ ಹಣ್ಣು ನಮ್ಮ ಕರಬೂಜದ ಕುಲದ್ದೇ. ರಾಮನವಮಿಗೆ ಬೆಲ್ಲ, ಏಲಕ್ಕಿ, ಶುಂಠಿ ಹಾಕಿ ಕರಬೂಜದ ಪಾನಕ ಮಾಡುತ್ತೇವಲ್ಲ, ಅದೇ ಸಾಮಗ್ರಿ ಇದಕ್ಕೂ ಸಾಕು. 500 ಗ್ರಾಂ ತಿರುಳಿಗೆ 140 ಗ್ರಾಂ ಬೆಲ್ಲವನ್ನು ಕಾಲು ಲೋಟ ನೀರಿನಲ್ಲಿ ಕರಗಿಸಿ ಸೋಸಿ ಹಾಕಿ, ಏಲಕ್ಕಿ, ಒಂಚೂರು ಶುಂಠಿ ರಸ, ನಿಂಬೆ. ಕರಬೂಜಕ್ಕೆ ಬಿಳಿ ಸಕ್ಕರೆಗಿಂತ ಬೆಲ್ಲವೇ ಒಪ್ಪುತ್ತದೆ. ಪುನರ್ಪುಳಿಗೆ ಇದರ ತದ್ವಿರುದ್ಧ: ಬೆಲ್ಲ ಹಾಕಿದರೆ ಅದರ ಕಡುಕೆಂಪು ಮಸುಕಾಗುತ್ತದೆ, ಅಲ್ಲಿ ಸಕ್ಕರೆಯೇ ಸರಿ. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದ ಮೇಲಂತೂ ಊರಿನಿಂದ ಬರುವವರ ಪೆಟ್ಟಿಗೆಯಲ್ಲಿ ಒಣಗಿದ ಪುನರ್ಪುಳಿ ಸಿಪ್ಪೆಗೆ ಜಾಗ ಇದ್ದೇ ಇರುತ್ತದೆ. ಒಂದು ಹಿಡಿ ಸಿಪ್ಪೆಯನ್ನು ಅರ್ಧ ಲೀಟರ್ ಬೆಚ್ಚನೆಯ ನೀರಿನಲ್ಲಿ ಒಂದು ಗಂಟೆ ನೆನೆಸಿ ಹಿಂಡಿ, 180 ಗ್ರಾಂ ಸಕ್ಕರೆ, ಉಪ್ಪು, ಹುರಿದ ಜೀರಿಗೆ ಪುಡಿ ಸೇರಿಸಿ ಹೆಪ್ಪುಗಟ್ಟಿಸಿ. ಇದನ್ನು ಮಿಕ್ಸಿಗೆ ಹಾಕಬೇಡಿ. ಫೋರ್ಕಿನಿಂದ ಕೆರೆದು ಹರಳು ಹರಳಾಗಿಯೇ ಬಡಿಸಿದರೆ ಆ ಹುಳಿಗೆ ಚೆಂದ. ಸಿಸಿಲಿಯವರು ಇಂಥದ್ದನ್ನು ಗ್ರಾನೀಟಾ ಎನ್ನುತ್ತಾರೆ. ಕರಾವಳಿಯ ಮದುವೆಯೂಟದ ಕೊನೆಗೆ ಐಸ್‌ಕ್ರೀಮ್ ಬದಲು ಇದನ್ನೊಮ್ಮೆ ಇಡಬೇಕೆಂದು ನನಗೆ ಬಹಳ ಆಸೆ.

ಇನ್ನು ಈ ನೆಲದ್ದೇ ಹಣ್ಣು, ಖರ್ಜೂರ. ಜೂನ್ ಕೊನೆಯಿಂದ ಅರೆಮಾಗಿದ, ರಸ ತುಂಬಿದ ರುತಬ್ ಪೇಟೆಗೆ ಬರುತ್ತದೆ. ಜುಲೈಯಲ್ಲಿ ಲಿವಾದಲ್ಲಿ ಅದರದೇ ಉತ್ಸವ. ಪೂರ್ತಿ ಮಾಗಿದ ಖಲಾಸ್ ಖರ್ಜೂರವಂತೂ ವರ್ಷವಿಡೀ ಸಿಗುತ್ತದೆ. ಬೀಜ ತೆಗೆದ ಮೆತ್ತನೆಯ ಖಲಾಸ್ 250 ಗ್ರಾಂ, ಬಿಸಿನೀರು 500 ಮಿಲಿಲೀಟರ್. ಅರ್ಧ ಗಂಟೆ ನೆನೆಸಿ, ನುಣ್ಣಗೆ ರುಬ್ಬಿ, ಸೋಸಿ, ಆರಿದ ಮೇಲೆ ಒಂದೂವರೆ ನಿಂಬೆಯ ರಸ, ಉಪ್ಪು. ಸಕ್ಕರೆ ಒಂದು ಚಮಚವೂ ಬೇಡ. ಮೆತ್ತನೆಯ ಖರ್ಜೂರದ ಸಕ್ಕರೆ ಬಹುಪಾಲು ಗ್ಲೂಕೋಸ್ ಮತ್ತು ಫ್ರಕ್ಟೋಸ್ ರೂಪದಲ್ಲೇ ಇರುತ್ತದೆ. ಈ ಎರಡೂ ಹೆಪ್ಪುಗಟ್ಟುವುದನ್ನು ಹೆಚ್ಚು ತಡೆಯುವಂಥವು. ಫ್ರೀಜರಿನಿಂದ ತೆಗೆದ ಕೂಡಲೇ ಚಮಚ ಇಳಿಯುವಷ್ಟು ಮೃದುವಾದ ಸೋರ್ಬೆ ಇದು. ರಂಜಾನಿನಲ್ಲಿ ನೆರೆಮನೆಯಿಂದ ನಮಗೆ ತಟ್ಟೆ ತಟ್ಟೆ ತಿಂಡಿ ಬರುತ್ತದೆ. ತಿರುಗಿ ಕೊಡಲು ಇದಕ್ಕಿಂತ ಒಳ್ಳೆಯದು ನನಗೆ ತೋಚುವುದಿಲ್ಲ.

ಡಬ್ಬಿಯ ಮಾವಿನ ತಿರುಳು ಬಳಸುವವರಿಗೆ ಒಂದು ಮಾತು. ಕೃಷ್ಣಗಿರಿ, ಚಿತ್ತೂರು ಜಿಲ್ಲೆಗಳ ಕಾರ್ಖಾನೆಗಳಿಂದ ಬರುವ ತಿರುಳು ಇಲ್ಲಿನ ಅಂಗಡಿಗಳಲ್ಲಿ ಧಾರಾಳವಾಗಿದೆ, ಕೆಟ್ಟದ್ದೇನಲ್ಲ. ಹಲವು ಡಬ್ಬಿಗಳಲ್ಲಿ ಸಕ್ಕರೆ ಮೊದಲೇ ಸೇರಿರುತ್ತದೆ. ಚೀಟಿ ಓದಿ ಲೆಕ್ಕ ಹಾಕಿ.

ದಾಳಿಂಬೆಯನ್ನು ಮಿಕ್ಸಿಯಲ್ಲಿ ಒಂದೆರಡು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಬೀಜ ಒಡೆದರೆ ಒಗರು. ಸಪೋಟದ ಸೋರ್ಬೆ ನನಗೆ ಹಿಡಿಸಿಲ್ಲ. ಅದಕ್ಕೆ ಹಾಲೇ ಜೊತೆ.

ಸೋರ್ಬೆ ಬಹುಕಾಲ ಇಡುವ ಪದಾರ್ಥವಲ್ಲ. ಈಗಿನ ಫ್ರಿಜ್ಜುಗಳು ಮಂಜು ಕಟ್ಟದಿರಲೆಂದು ಆಗಾಗ ತಾವೇ ಸ್ವಲ್ಪ ಬೆಚ್ಚಗಾಗುತ್ತವೆ. ಆಗ ಸಣ್ಣ ಹರಳು ಕರಗಿ, ಮತ್ತೆ ತಣಿದಾಗ ದೊಡ್ಡ ಹರಳಿಗೆ ಹೋಗಿ ಅಂಟುತ್ತದೆ. ಬಾಗಿಲ ಬಳಿ ಇಡದೆ ಹಿಂದಕ್ಕೆ ಇಡಿ. ಮೇಲ್ಮೈಗೆ ತಾಗುವಂತೆ ಬೆಣ್ಣೆ ಕಾಗದ ಮುಚ್ಚಿ, ಎರಡು ವಾರದೊಳಗೆ ಮುಗಿಸಿ. ಗಟ್ಟಿಯಾಗಿದ್ದರೆ ಬಡಿಸುವ ಹತ್ತು ನಿಮಿಷ ಮೊದಲು ಫ್ರಿಜ್ಜಿನ ಕೆಳಗಿನ ಅಂಕಣಕ್ಕೆ ಇಳಿಸಿ.

ಹಣ್ಣಿನದ್ದು, ಹಾಲಿಲ್ಲದ್ದು ಎಂದ ಮಾತ್ರಕ್ಕೆ ಇದು ಪಥ್ಯದ ತಿಂಡಿಯಲ್ಲ. ನಾನೇ ಹೇಳಿದ ಲೆಕ್ಕದ ಪ್ರಕಾರ ಕಾಲು ಭಾಗಕ್ಕೂ ಮಿಕ್ಕಿ ಸಕ್ಕರೆ. ಕೊಲ್ಲಿಯಲ್ಲಿ ಮಧುಮೇಹ ಹೆಚ್ಚು, ನಮ್ಮವರಲ್ಲೂ ಕಡಿಮೆಯಿಲ್ಲ. ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿ. ಇಲ್ಲದವರೂ ಸಣ್ಣ ಬಟ್ಟಲಲ್ಲಿ ಎರಡು ದೊಡ್ಡ ಚಮಚದಷ್ಟು ಹಾಕಿಕೊಳ್ಳಿ. ಬಿಸಿಲಿನಿಂದ ಬಂದವರಿಗೆ ಮೊದಲು ನೀರು, ಆಮೇಲೆ ಸೋರ್ಬೆ. ಬೆವರಿನಲ್ಲಿ ಹೋದ ನೀರನ್ನೂ ಉಪ್ಪನ್ನೂ ಇದು ತುಂಬಿಕೊಡುವುದಿಲ್ಲ.

ಈವರೆಗೆ ಒಮ್ಮೆಯೂ ಮಾಡದವರು ನಿಂಬೆಯಿಂದ ಶುರುಮಾಡಿ. ಇಲ್ಲಿನ ಕಫೆಟೇರಿಯಾಗಳಲ್ಲಿ ಎಲ್ಲರೂ ಕುಡಿಯುವ ಲೆಮನ್ ಮಿಂಟ್ ನಿಮಗೆ ಪರಿಚಯದ ರುಚಿಯೇ. ನಿಂಬೆರಸ 120 ಮಿಲಿಲೀಟರ್, ನೀರು 380, ಸಕ್ಕರೆ 200 ಗ್ರಾಂ ಅಂದರೆ ಒಂದು ಕಪ್, ಎಂಟು ಹತ್ತು ಪುದಿನ ಎಲೆ. ಅರ್ಧ ನೀರಿನಲ್ಲಿ ಸಕ್ಕರೆ ಕರಗಿಸಿ, ಉಳಿದ ತಣ್ಣೀರು ಸೇರಿಸಿ, ಆರಿದ ಮೇಲೆ ರಸ ಹಿಂಡಿ, ಪುದಿನ ಜಜ್ಜಿ ಹಾಕಿ ಸೋಸಿ. ಖರ್ಚು ಅಲ್ಪ, ಹಣ್ಣಿನ ಋತು ಕಾಯಬೇಕಿಲ್ಲ, ರಸ ತೆಳುವಾದ್ದರಿಂದ ಮೊಟ್ಟೆಯ ಪರೀಕ್ಷೆಯೂ ನಡೆಯುತ್ತದೆ. ಒಂದು ಸಲ ಮಾಡಿ ನೋಡಿದರೆ ಸಕ್ಕರೆಯ ಹದ ಕೈಗೆ ಸಿಗುತ್ತದೆ. ಆಮೇಲೆ ಯಾವ ಹಣ್ಣು ಬಂದರೂ ನೀವೇ ಲೆಕ್ಕ ಹಾಕಬಲ್ಲಿರಿ. ಈ ಶುಕ್ರವಾರ ರಾತ್ರಿ ಮಿಶ್ರಣ ಮಾಡಿ ಫ್ರಿಜ್ಜಿಗೆ ಇಟ್ಟುಬಿಡಿ, ಶನಿವಾರ ಬೆಳಿಗ್ಗೆ ತಟ್ಟೆಗೆ ಸುರಿದರೆ ಮಧ್ಯಾಹ್ನದ ಊಟಕ್ಕೆ ಸಿದ್ಧ.